ಜಡ್ಜ್ ಸಾಹೇಬರ ತಮ್ಮನ ಮನೆಗೆ

ಮೇ 6, ಕಾರವಾರ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಆದರೆ 1883ರಲ್ಲಿ ಇಲ್ಲಿಗೆ ಬಂದವರು ಪಟಗಳಲ್ಲಿ ಕಾಣುವ ಬಿಳಿಗಡ್ಡದ ಗುರುದೇವರಲ್ಲ, ಇಪ್ಪತ್ತೆರಡು ವರ್ಷದ ಒಬ್ಬ ತರುಣ, ಊರಿನ ಪಾಲಿಗೆ ಬಹುಶಃ ಬರಿಯ ‘ಜಡ್ಜ್ ಸಾಹೇಬರ ತಮ್ಮ’ ಎಂಬುದನ್ನು ನೆನೆಯುವವರು ಕಡಿಮೆ. ಅಣ್ಣ ಸತ್ಯೇಂದ್ರನಾಥರು ಐಸಿಎಸ್, ಅಂದರೆ ಬ್ರಿಟಿಷ್ ಕಾಲದ ನಾಗರಿಕ ಸೇವೆಯ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು. ಅವರ ನೌಕರಿ ಮುಂಬಯಿ ಪ್ರಾಂತದಲ್ಲಿ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸದೇ ಇದ್ದಿದ್ದರೆ ಆ ಬಂಗಾಳಿ ನ್ಯಾಯಾಧೀಶರು ಕಾರವಾರದ ಕೋರ್ಟಿನಲ್ಲಿ ಕೂರುವ ಪ್ರಸಂಗವೇ ಬರುತ್ತಿರಲಿಲ್ಲ, ಅವರ ತಮ್ಮನೂ ಇತ್ತ ಸುಳಿಯುತ್ತಿರಲಿಲ್ಲ. ನಕ್ಷೆಯ ಮೇಲೆ ಯಾರೋ ಎಳೆದ ಒಂದು ಗೆರೆಯಿಂದ ನಮಗೆ ಒಬ್ಬ ಕವಿ ದಕ್ಕಿದರು ಎಂದು ನಮ್ಮ ನೆರೆಮನೆಯ ಮಾಸ್ತರು ಹೇಳುವುದುಂಟು.

ಈ ಪ್ರವಾಸ ಹುಟ್ಟಿದ್ದೇ ಆ ಮಾಸ್ತರರ ಹಟದಿಂದ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಕಲಿಸಿ ನಿವೃತ್ತರಾದ ಅವರು ಪ್ರತಿ ವರ್ಷ ಮೇ 7ರಂದು ಓಣಿಯ ಮಕ್ಕಳನ್ನು ಕಟ್ಟಿಕೊಂಡು ತೀರಕ್ಕೆ ಹೋಗಿ, ಮರಳಿನ ಮೇಲೆ ಕೂರಿಸಿ, ಟಾಗೋರರು ಕಾರವಾರಕ್ಕೆ ಬಂದ ಕಥೆ ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಶೇಂಗಾ ಚಿಕ್ಕಿ ಕೊಟ್ಟು ಕಳಿಸುತ್ತಾರೆ. “ಅವರು ನಮ್ಮೂರಿಗೆ ಬಂದು ಉಂಡು ಹೋದವರು ಭಟ್ರೇ. ನಾವು ಒಮ್ಮೆಯೂ ಅವರ ಮನೆಗೆ ಹೋಗದೇ ಇದ್ರೆ ಅದು ಚಂದವಾ?” ಎಂದು ಎರಡು ವರ್ಷದಿಂದ ನನ್ನ ಬೆನ್ನು ಹತ್ತಿದ್ದರು. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಕವಿತೆಗಾಗಿ ಅಷ್ಟು ದೂರ ಹೋಗಬೇಕೆಂದು ನನಗೆ ತಾನಾಗಿ ಅನ್ನಿಸುತ್ತಿರಲಿಲ್ಲ. ಕೊನೆಗೆ ಒಪ್ಪಿಸಿದವಳು ನನ್ನ ಹೆಂಡತಿ. ಶಿರಸಿ ಕಡೆಯವಳಾದ ಅವಳೂ ಶಾಲೆಯಲ್ಲಿ ಪಾಠ ಮಾಡಿದವಳು. ಮಾಸ್ತರು ಅವಳನ್ನು ಈಗಲೂ ‘ಅಕ್ಕೋರೇ’ ಎಂದೇ ಕರೆಯುತ್ತಾರೆ.

ಹೋಗುವುದಾದರೆ ಹುಟ್ಟುಹಬ್ಬಕ್ಕೇ ಹೋಗಬೇಕೆಂಬುದು ಮಾಸ್ತರರ ಇನ್ನೊಂದು ಹಟ. ಟಾಗೋರರು ಹುಟ್ಟಿದ್ದು 1861ರ ಮೇ 7ರಂದು, ಕೋಲ್ಕತ್ತದ ಜೋಡಾಸಾಂಕೋ ಮನೆಯಲ್ಲಿ. ಬಂಗಾಳಿ ಪಂಚಾಂಗದಲ್ಲಿ ಅದು 1268ನೇ ವರ್ಷದ ವೈಶಾಖ 25. ನಾವು ಇಂಗ್ಲಿಷ್ ತಾರೀಖು ಹಿಡಿದು ಜಯಂತಿ ಮಾಡಿದರೆ ಪಶ್ಚಿಮ ಬಂಗಾಳದವರು ತಮ್ಮ ಪಂಚಾಂಗ ಹಿಡಿದು ಮೇ 8 ಅಥವಾ 9ರಂದು ಮಾಡುತ್ತಾರೆ. ಈ ಬಾರಿ 9ರಂದು ಬಂದಿತ್ತು. ಅಲ್ಲಿಯವರಿಗೆ ‘ಪೊಚಿಶೆ ಬೋಯಿಶಾಖ್’, ಅಂದರೆ ವೈಶಾಖದ ಇಪ್ಪತ್ತೈದು, ಎಂದಷ್ಟೇ ಹೇಳಿದರೆ ಸಾಕು, ಯಾರ ಹುಟ್ಟುಹಬ್ಬ ಎಂದು ಕೇಳುವವರಿಲ್ಲ.

ಹೊರಡುವ ಹಿಂದಿನ ಸಂಜೆ ಮೂವರೂ ತೀರದ ಮೇಲೆ ಉತ್ತರಕ್ಕೆ, ಕಾಳಿ ಹೊಳೆಯ ಅಳಿವೆಯ ಬಳಿಯ ಕೋಡಿಬಾಗದ ಕಡೆಗೆ ನಡೆದೆವು. ಟಾಗೋರರು ತಮ್ಮ ನೆನಪುಗಳ ಪುಸ್ತಕದಲ್ಲಿ ಕಾರವಾರಕ್ಕೆ ಒಂದೆರಡು ಪುಟ ಕೊಟ್ಟಿದ್ದಾರೆ. ಬೆಟ್ಟಗಳು ಸುತ್ತುವರಿದ ಪುಟ್ಟ ಬಂದರು, ಅರ್ಧಚಂದ್ರದಂತೆ ಬಾಗಿದ ತೀರ, ಅದರ ಅಂಚಿಗೆ ಗಾಳಿ ಮರಗಳ ಕಾಡು, ಒಂದು ತುದಿಗೆ ಸಮುದ್ರ ಸೇರುವ ಕಾಳಿ ನದಿ, ಇವೆಲ್ಲ ಆ ಪುಟಗಳಲ್ಲಿವೆ. ಒಂದು ಬೆಳದಿಂಗಳ ರಾತ್ರಿ ಮನೆಯವರು ಸಣ್ಣ ಹಾಯಿದೋಣಿಯಲ್ಲಿ ಹೊಳೆಯಲ್ಲಿ ಮೇಲಕ್ಕೆ ಹೋಗಿ, ಗುಡ್ಡದ ಕೋಟೆಯೊಂದರ ಬಳಿ ಇಳಿದು, ಒಬ್ಬ ರೈತನ ಮನೆಯ ಗುಡಿಸಿ ಚೊಕ್ಕಟವಾಗಿಟ್ಟ ಅಂಗಳದಲ್ಲಿ ಕುಳಿತು ತಾವು ಒಯ್ದಿದ್ದ ಬುತ್ತಿ ಉಂಡು, ಮರಳುವಾಗ ದೋಣಿಯನ್ನು ಹೊಳೆಯ ಸೆಳವಿಗೇ ಬಿಟ್ಟು, ಅಳಿವೆಯಲ್ಲಿ ಇಳಿದು, ನಡುರಾತ್ರಿಯಲ್ಲಿ ಮರಳಿನ ಮೇಲೆ ನಡೆದು ಮನೆ ಸೇರಿದರಂತೆ. ಗಾಳಿ ಮರಗಳ ಸದ್ದು ಕೂಡ ಆ ರಾತ್ರಿ ಅಡಗಿತ್ತೆಂದು ಅವರು ಬರೆದಿದ್ದಾರೆ. ಅವರು ನಡೆದು ಬಂದ ದಾರಿಯನ್ನೇ ನಾವು ಹಿಮ್ಮುಖವಾಗಿ ನಡೆಯುತ್ತಿದ್ದೆವು.

ಆ ಕೋಟೆಯನ್ನು ಕವಿ ಶಿವಾಜಿಯದೆಂದು ಬರೆದಿದ್ದಾರೆ. ನಮ್ಮೂರವರು ಅದನ್ನು ಹೊಳೆಯ ಆಚೆ ದಡದ ಸದಾಶಿವಗಡವೆಂದು ಗುರುತಿಸುತ್ತಾರೆ, ಸದಾಶಿವಗಡವನ್ನು ಕಟ್ಟಿಸಿದವರೋ ಸೋಂದೆಯ ಅರಸರು. ಈ ಮಾತು ಬಂದಾಗಲೆಲ್ಲ ನನ್ನ ಹೆಂಡತಿ, ಸೋಂದೆ ತನ್ನ ತವರಿನಿಂದ ಕೂಗಳತೆಯಲ್ಲಿದೆ ಎಂಬ ಹಕ್ಕಿನಿಂದ, “ನಿಮ್ಮ ಕವಿಗಳಿಗೆ ಯಾರಾದ್ರೂ ಸರಿಯಾಗಿ ಹೇಳ್ಬೇಕಿತ್ತು” ಎನ್ನುತ್ತಾಳೆ. ಅಂದೂ ಅಂದಳು.

ಕೋಡಿಬಾಗದಲ್ಲಿ ಈಗ ಕಾಣುವುದು ಒಂದೇ ಸೇತುವೆ. ನಲವತ್ತು ವರ್ಷದಷ್ಟು ಹಳೆಯದಾಗಿದ್ದ ಇನ್ನೊಂದು 2024ರ ಆಗಸ್ಟ್ 7ರ ನಸುಕಿಗಿಂತ ಮುಂಚೆ, ಊರು ಮಲಗಿದ್ದಾಗ, ಕುಸಿದು ಹೊಳೆಗೆ ಬಿತ್ತು. ಅದರೊಡನೆ ನೀರಿಗೆ ಬಿದ್ದ ಲಾರಿಯ ಚಾಲಕ ಪುಣ್ಯಕ್ಕೆ ಬದುಕಿ ಬಂದ. ಆಗಸ್ಟ್ 7 ಎಂದರೆ 1941ರಲ್ಲಿ ಟಾಗೋರರು ತೀರಿಕೊಂಡ ದಿನ ಎಂದು ಮಾಸ್ತರು ನೆನಪಿಸಿದಾಗ, ಇಂಥ ತಾಳೆಗಳಿಗೆಲ್ಲ ಅರ್ಥ ಹಚ್ಚಬಾರದೆಂದು ನಾನು ಹೇಳಿದೆ. ಅವರು ಉತ್ತರ ಕೊಡದೆ ಬಗ್ಗಿ, ಗಾಳಿ ಮರದಡಿ ಬಿದ್ದಿದ್ದ ನಾಲ್ಕು ಒಣ ಕಾಯಿಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಹೋಗುವ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ.

ಮೇ 7, ಘಟ್ಟ ಹತ್ತಿ ರೈಲಿಗೆ

ಬೆಳಗಿನ ಬಸ್ಸು ಹಿಡಿದು ಅಂಕೋಲೆ, ಅರಬೈಲ್ ಘಾಟಿ, ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋದೆವು. ಟಾಗೋರರ ಕಾಲದಲ್ಲಿ ಕಾರವಾರಕ್ಕೆ ರೈಲಿರಲಿಲ್ಲ, ಅದು ಬಂದದ್ದು ನಮ್ಮ ಕಣ್ಣೆದುರಿಗೆ, ಕೊಂಕಣ ರೈಲ್ವೆಯೊಡನೆ. ಅವರು ಇಲ್ಲಿಂದ ಮರಳಿದ್ದು ಹಡಗಿನಲ್ಲಿ. ಹಡಗಿನ ಅಟ್ಟದ ಮೇಲೆ ಕುಳಿತು ಹಾಡು ಕಟ್ಟಿ, ತಾವೇ ಹಾಡಿಕೊಂಡು ಹಿಗ್ಗಿದೆನೆಂದು ಅವರೇ ಬರೆದಿದ್ದಾರೆ. ನಮಗೆ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್, ಅದರಲ್ಲಿ ಒಂದು ಕೆಳಗಿನ ಬರ್ತು, ಎರಡು ಮೇಲಿನವು.

ಹೆಂಡತಿ ಬುತ್ತಿಯ ಜೊತೆಗೆ ಒಂದು ಡಬ್ಬಿ ತೊಡದೇವು ತಂದಿದ್ದಳು. ಕಾಗದದಷ್ಟು ತೆಳ್ಳಗಿನ ಆ ತಿಂಡಿ ಎರಡು ದಿನದ ರೈಲಿನ ಕುಲುಕಾಟದಲ್ಲಿ ಪುಡಿಯಾಗದೆ ಉಳಿಯುವುದೇ ಎಂದು ನಾನು ಕೇಳಿದ್ದಕ್ಕೆ, ಪುಡಿಯಾದರೂ ಸಿಹಿಯೇ ಅಲ್ಲವೇ ಎಂಬ ಉತ್ತರ ಬಂತು. ಡಬ್ಬಿಯನ್ನು ಅವಳು ತೊಡೆಯ ಮೇಲಿಂದ ಇಳಿಸಲೇ ಇಲ್ಲ.

ಗದಗು ದಾಟಿದ ಮೇಲೆ ಮಾಸ್ತರು ತಮ್ಮ ಮೆಚ್ಚಿನ ವಿಷಯಕ್ಕೆ ಬಂದರು. ಕಾರವಾರದಲ್ಲಿ ಟಾಗೋರರು ಬರೆದದ್ದು ‘ಪ್ರಕೃತಿರ್ ಪ್ರತಿಶೋಧ್’ ಎಂಬ ಪದ್ಯನಾಟಕ. ಹೆಸರಿನ ಅರ್ಥ ಪ್ರಕೃತಿ ತೀರಿಸಿಕೊಂಡ ಸೇಡು ಎಂದು. ಅದರಲ್ಲಿ ಒಬ್ಬ ಸನ್ಯಾಸಿ ಎಲ್ಲ ಬಂಧಗಳನ್ನೂ ಕಡಿದುಕೊಂಡು, ಪ್ರಕೃತಿಯನ್ನು ಗೆದ್ದೆನೆಂದು ತಿಳಿದು ಗುಹೆಯಿಂದ ಹೊರಬರುತ್ತಾನೆ. ಊರವರು ಮುಟ್ಟಿಸಿಕೊಳ್ಳದೆ ದೂರ ಇಟ್ಟ ಒಬ್ಬ ಅನಾಥ ಹುಡುಗಿ ಅವನನ್ನು ಹಿಂಬಾಲಿಸುತ್ತಾಳೆ, ಅವಳ ಅಕ್ಕರೆ ಅವನನ್ನು ಮತ್ತೆ ಮನುಷ್ಯರ ನಡುವೆ ಎಳೆದು ತರುತ್ತದೆ. ಅನಂತವೆಂಬುದು ಎಲ್ಲವನ್ನೂ ಬಿಟ್ಟವನಿಗೆ ಸಿಗುವುದಲ್ಲ, ಈ ಸಣ್ಣ ಸಣ್ಣ ಸಂಬಂಧಗಳ ಒಳಗೇ ಸಿಗುವುದು ಎಂಬುದು ಅವನಿಗೆ ತಿಳಿಯುತ್ತದೆ. “ನಮ್ಮ ತೀರವೇ ಹಾಗಲ್ವಾ ಭಟ್ರೇ? ಮುಂದೆ ಕೊನೆಯಿಲ್ಲದ ಕಡಲು, ಆದರೆ ನಾವು ನಿಂತಿರುವುದು ಬೆಟ್ಟಗಳು ಹಿಡಿದ ಒಂದು ಬೊಗಸೆಯಲ್ಲಿ.”

ಮಾಸ್ತರರ ಮಾತಿಗೆ ನಾನು ಹತ್ತರಲ್ಲಿ ಮೂರು ಪಾಲು ಸೋಡಿ ಬಿಡುವವನು. ಟಾಗೋರರು ಮುಂದೆ ಬರೆದದ್ದೆಲ್ಲ ಕಾರವಾರದಿಂದಲೇ ಮೊಳೆತದ್ದು ಎಂದು ಅವರು ಹೇಳಿದಾಗ ಇದು ಊರ ಅಭಿಮಾನ ಎಂದು ನಕ್ಕುಬಿಟ್ಟೆ. ಆಗ ಅವರು ಚೀಲದಿಂದ ಪುಸ್ತಕ ತೆಗೆದು ತೋರಿಸಿದರು. ಸೀಮಿತವಾದುದರೊಳಗೆ ಅನಂತವನ್ನು ಕಾಣುವ ಆನಂದವೇ ತಮ್ಮ ಎಲ್ಲ ಬರಹಗಳ ವಿಷಯವೆಂದೂ ಈ ನಾಟಕವನ್ನು ತಮ್ಮ ಮುಂದಿನ ಸಾಹಿತ್ಯಕ್ಕೆಲ್ಲ ಒಂದು ಪೀಠಿಕೆಯೆಂದು ಎಣಿಸಬಹುದೆಂದೂ ಕವಿಯೇ, ಐವತ್ತರ ಆಸುಪಾಸಿನಲ್ಲಿ, ಬರೆದಿದ್ದರು. ಆ ಪುಟಕ್ಕೆ ಮಾಸ್ತರು ಬಸ್ಸಿನ ಟಿಕೆಟ್ಟೊಂದನ್ನು ಗುರುತಿಗೆ ಇಟ್ಟಿದ್ದರು. ಹೊಸಪೇಟೆ ಬರುವವರೆಗೆ ನಾನು ಮಾತಾಡಲಿಲ್ಲ.

ಮೇ 8, ರೈಲಿನಲ್ಲಿ

ಈ ದಿನದ ಬಗ್ಗೆ ಬರೆಯುವುದು ಹೆಚ್ಚೇನಿಲ್ಲ. ರಾಜಮಹೇಂದ್ರಿಯಲ್ಲಿ ಗೋದಾವರಿಯನ್ನು ದಾಟಿದೆವು. ಕಾಳಿಯನ್ನು ಮಹಾನದಿ ಎಂದುಕೊಂಡಿರುವವರು ಒಮ್ಮೆ ಆ ಸೇತುವೆಯ ಮೇಲೆ ಹಾದುಹೋಗಬೇಕು. ಮಧ್ಯಾಹ್ನದ ಮೇಲೆ ಚಿಲಿಕಾ ಸರೋವರ ಕಿಟಕಿಯ ಪಕ್ಕದಲ್ಲಿ ಬಹಳ ಹೊತ್ತು ಜೊತೆಗೆ ಬಂತು. ಸೆಖೆ ನಮ್ಮ ಕಡೆಯದೇ ಜಾತಿಯದು, ಮೈಯೆಲ್ಲ ಅಂಟು. ಕಟಕ್ ದಾಟಿದ ಮೇಲೆ ಮಿಂಚು, ಗಾಳಿ, ದಪ್ಪ ಹನಿಯ ಮಳೆ ಶುರುವಾಯಿತು. ಎದುರಿನ ಸೀಟಿನವರು ಇದನ್ನು ಕಾಲಬೈಶಾಖಿ ಎನ್ನುತ್ತಾರೆಂದು ತಿಳಿಸಿದರು. ಮಳೆಗಾಲಕ್ಕೆ ಮುಂಚೆ ವೈಶಾಖದ ಸಂಜೆಗಳಲ್ಲಿ ಹಠಾತ್ತಾಗಿ ಎದ್ದು ಬರುವ ಬಿರುಗಾಳಿ ಅದು.

ಹೂಗ್ಲಿಯ ಆಚೆ ದಡದಲ್ಲಿ ರೈಲು ಇಳಿದಾಗ ರಾತ್ರಿ ಬಹಳವಾಗಿತ್ತು. ಹಳದಿ ಟ್ಯಾಕ್ಸಿಯಲ್ಲಿ ನದಿ ದಾಟಿ, ಗಿರೀಶ್ ಪಾರ್ಕಿನ ಹತ್ತಿರ ಮೊದಲೇ ಗೊತ್ತುಮಾಡಿದ್ದ ವಸತಿಗೃಹಕ್ಕೆ ಹೋದರೆ, ನಮ್ಮ ಹೆಸರಿನ ಕೋಣೆಯನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಅರ್ಧ ತಾಸು ವಾದ ಮಾಡಿದ ಮೇಲೆ ಮೂರನೆಯ ಮಹಡಿಯಲ್ಲಿ ಮೂವರಿಗೂ ಸೇರಿ ಒಂದು ಕೋಣೆ ಸಿಕ್ಕಿತು. ಮಾಸ್ತರು ನೆಲದ ಮೇಲೆ ಚಾಪೆ ಹಾಸಿ, “ನಾಳೆ ನಾಲ್ಕೂವರೆಗೆ ಏಳ್ಬೇಕು, ಮಲಗುವುದು ಎಲ್ಲಾದರೇನು?” ಎಂದು ದೀಪ ಆರಿಸಿದರು.

ಮೇ 9, ವೈಶಾಖ 25

ಕೋಲ್ಕತ್ತದಲ್ಲಿ ಸೂರ್ಯ ನಮಗಿಂತ ಒಂದು ತಾಸು ಮುಂಚೆ ಏಳುತ್ತಾನೆ. ಐದು ಗಂಟೆಗೇ ಬೀದಿಯಲ್ಲಿ ಬಿಳಿ ಬೆಳಕು. ಹಿಂದೆ ಚಿತ್ಪುರ ರಸ್ತೆಯೆಂದು ಕರೆಯುತ್ತಿದ್ದ ರವೀಂದ್ರ ಸರಣಿಯಲ್ಲಿ ನಡೆದೆವು. ಇಕ್ಕಟ್ಟಾದ ಬೀದಿ, ನಡುವೆ ಟ್ರಾಮಿನ ಹಳಿ, ಎರಡೂ ಬದಿಗೆ ಬ್ಯಾಂಡ್ ಬಾಜಾದವರ ಅಂಗಡಿಗಳು, ಬಂಗಾಳದ ಜಾತ್ರಾ ನಾಟಕ ಮಂಡಳಿಗಳ ಕಚೇರಿಗಳು. ಆ ಕಚೇರಿಗಳ ಮುಂದೆ ಅಂಟಿಸಿದ್ದ ಬಣ್ಣಬಣ್ಣದ ಪೋಸ್ಟರುಗಳಲ್ಲಿ ನಟನಟಿಯರು ಕಣ್ಣರಳಿಸಿ ನಿಂತಿದ್ದರು. ನಮ್ಮ ಕಡೆ ಯಕ್ಷಗಾನ ಮೇಳಗಳು ಹೀಗೆ ಒಂದೇ ಬೀದಿಯಲ್ಲಿ ಮನೆ ಮಾಡಿದ್ದಿದ್ದರೆ ಜಗಳವೇ ಎಷ್ಟಾಗುತ್ತಿತ್ತೋ ಎಂದು ಹೆಂಡತಿ ಅಂದಳು.

ದ್ವಾರಕಾನಾಥ ಟಾಗೋರ್ ಓಣಿಗೆ ತಿರುಗಿದರೆ ಮನೆ. ಕೆಂಪು ಗೋಡೆ, ಹಸಿರು ಕಿಟಕಿಗಳು, ಕಂಬಗಳ ಸಾಲು. 1784ರಲ್ಲಿ ನೀಲಮಣಿ ಟಾಗೋರರು ಕಟ್ಟಿಸಲು ತೊಡಗಿದ ಮನೆ ಇದು. ಅವರ ಮೊಮ್ಮಗ ದ್ವಾರಕಾನಾಥರ ಕಾಲಕ್ಕೆ ಶ್ರೀಮಂತಿಕೆಯ ತುದಿ ಕಂಡಿತ್ತು. ದ್ವಾರಕಾನಾಥರ ಮಗ ದೇವೇಂದ್ರನಾಥರು ಬ್ರಾಹ್ಮ ಸಮಾಜದ ಹಿರಿಯರು, ರವೀಂದ್ರರು ಆ ದೇವೇಂದ್ರನಾಥರ ಹದಿನಾಲ್ಕನೆಯ ಮಗು. ಈಗ ಇಡೀ ಆವರಣ 1962ರಲ್ಲಿ ಆರಂಭವಾದ ರವೀಂದ್ರ ಭಾರತಿ ವಿಶ್ವವಿದ್ಯಾಲಯದ ವಶದಲ್ಲಿದೆ, ಹಳೆಯ ಮನೆ ವಸ್ತುಸಂಗ್ರಹಾಲಯವಾಗಿದೆ. ಜೋಡಾಸಾಂಕೋ ಎಂದರೆ ಜೋಡಿ ಸೇತುವೆ ಎಂದರ್ಥ ಎಂದು ಮಾಸ್ತರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು, “ನಮ್ಮಲ್ಲೂ ಒಂದು ಜೋಡಾಸಾಂಕೋ ಇತ್ತು” ಎಂದರು. ಕೋಡಿಬಾಗದ ಸೇತುವೆಯ ಮಾತು ಅದು.

ಬಾಗಿಲಲ್ಲಿ ಕಾವಲಿನವನು ಎಲ್ಲರ ಚೀಲ, ಕಿಸೆ ನೋಡುತ್ತಿದ್ದ. ಮಾಸ್ತರರ ಕರವಸ್ತ್ರ ಬಿಚ್ಚಿಸಿದಾಗ ಗಾಳಿ ಮರದ ಕಾಯಿಗಳು ಹೊರಬಂದವು. ಇದೇನೆಂದು ಅವನು ಕೇಳಿದ, ಮಾಸ್ತರು ತಮ್ಮ ಹಿಂದಿಯಲ್ಲಿ 1883ರಿಂದ ಕಥೆ ಆರಂಭಿಸಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಬಿಳಿಯ ಕೆಂಪಂಚಿನ ಸೀರೆ ಉಟ್ಟಿದ್ದ, ಎಪ್ಪತ್ತು ದಾಟಿರಬಹುದಾದ ಒಬ್ಬ ಹೆಂಗಸು ಇಣುಕಿ ನೋಡಿ “ಝಾವು!” ಎಂದರು. ಗಾಳಿ ಮರಕ್ಕೆ ಬಂಗಾಳಿಯಲ್ಲಿ ಝಾವು ಎನ್ನುತ್ತಾರೆ, ಟಾಗೋರರು ನಮ್ಮ ತೀರದ ಮರಗಳನ್ನು ಬಣ್ಣಿಸುವಾಗ ಬಳಸಿದ್ದೂ ಅದೇ ಪದ. ಕಾರವಾರದಿಂದ ಬಂದವರು ಎಂದು ಮಾಸ್ತರು ಹೇಳಿದ್ದೇ ತಡ, ಆಕೆ ಕಾವಲಿನವನಿಗೆ ಬಂಗಾಳಿಯಲ್ಲಿ ಏನೋ ಗಟ್ಟಿಯಾಗಿ ಹೇಳಿ ನಮ್ಮನ್ನು ಒಳಗೆ ಕರೆದುಕೊಂಡು ಹೋದರು. ಅಷ್ಟರ ಮೇಲೆ ಆ ದಿನವೆಲ್ಲ ನಾವು ಅವರ ಮನೆಯ ನೆಂಟರಂತೆಯೇ ಇದ್ದೆವು. ಎಲ್ಲರೂ ಕರೆಯುವಂತೆ ನಾವೂ ಅವರನ್ನು ಮಾಶಿಮಾ ಎಂದೆವು. ಚಿಕ್ಕಮ್ಮ ಎಂದ ಹಾಗೆ.

ಒಳಗಿನ ಅಂಗಳ ನೋಡಿ ನನ್ನ ಹೆಂಡತಿ ನಿಂತುಬಿಟ್ಟಳು. ನಾಲ್ಕೂ ಸುತ್ತ ಎರಡು ಅಂತಸ್ತಿನ ಪಡಸಾಲೆ, ಒಂದು ಬದಿಗೆ ಠಾಕುರ್ ದಾಲಾನ್ ಎಂಬ ಎತ್ತರದ ಪೂಜಾಮಂಟಪ, ನಡುವೆ ಆಕಾಶಕ್ಕೆ ತೆರೆದ ವಿಶಾಲ ಜಾಗ. ಅವಳ ತವರಿನ ಮನೆಯಲ್ಲೂ ಜಗುಲಿ, ಮೆತ್ತು, ಮುಂದೆ ಅಂಗಳ ಎಲ್ಲ ಉಂಟು. “ಅಡಿಕೆ ಒಣಗ್ಸಲೆ ಎಷ್ಟು ಚಲೋ ಜಾಗ” ಎಂದು ಅವಳು ಅಂದದ್ದನ್ನು ಮಾಶಿಮಾಗೆ ಹಿಂದಿಯಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ.

ಶಾಮಿಯಾನದ ಕೆಳಗೆ ಹಾಡು ಆಗಲೇ ಶುರುವಾಗಿತ್ತು. ಮುಡಿಗೆ ಮಲ್ಲಿಗೆ ಸುತ್ತಿಕೊಂಡ ಹುಡುಗಿಯರು, ಪಂಚೆ ಜುಬ್ಬಾದ ಹುಡುಗರು ಸರತಿಯಂತೆ ವೇದಿಕೆ ಏರಿ ಹಾಡುತ್ತಿದ್ದರು, ಕವಿತೆ ಓದುತ್ತಿದ್ದರು, ಕುಣಿಯುತ್ತಿದ್ದರು. ನಮ್ಮ ಸಭೆಗಳಲ್ಲಿ ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ಭಾಷಣಗಳ ನಡುವೆ ಹಾಡಿಗೆ ಹತ್ತು ನಿಮಿಷ ಸಿಗುತ್ತದೆ. ಇಲ್ಲಿ ನಾನಿದ್ದ ಆರು ತಾಸಿನಲ್ಲಿ ಭಾಷಣ ಎಂದು ಕೇಳಿದ್ದು ಅರ್ಧ ತಾಸೂ ಇರಲಿಕ್ಕಿಲ್ಲ. ಯಾರೋ ಹಾಡಲು ತೊಡಗಿದರೆ ಮುಂದಿನ ಕುರ್ಚಿಯ ಗುಮಾಸ್ತನಂಥವರು, ಹಿಂದಿನ ಕುರ್ಚಿಯ ಅಜ್ಜಿ, ನೀರು ಹಂಚುವ ಹುಡುಗ, ಎಲ್ಲರ ತುಟಿಯೂ ಅಲುಗುತ್ತಿತ್ತು. ‘ಹೇ ನೂತನ’ ಎಂಬ ಹಾಡು ಬಂದಾಗ ಮಾತ್ರ ಇಡೀ ಅಂಗಳ ದನಿ ಎತ್ತಿತು. 1941ರಲ್ಲಿ, ತಮ್ಮ ಕೊನೆಯ ಹುಟ್ಟುಹಬ್ಬಕ್ಕೆ, ಹುಷಾರಿಲ್ಲದ ಟಾಗೋರರು ತಮ್ಮದೇ ಹಳೆಯ ಕವಿತೆಯ ಸಾಲುಗಳನ್ನು ಆರಿಸಿ ಮಟ್ಟು ಹಾಕಿಕೊಟ್ಟ ಹಾಡು ಅದು. ಎಂಬತ್ತು ವರ್ಷದ ಮುದುಕ ಹೊಸತನ್ನು ಕರೆದು ಬರೆದದ್ದನ್ನು, ಮೂರು ತಿಂಗಳು ಕಳೆದರೆ ಅವನು ಇದೇ ಮನೆಯಲ್ಲಿ ಸಾಯುತ್ತಾನೆ ಎಂದು ಗೊತ್ತಿದ್ದವರು, ಇಷ್ಟು ಉಲ್ಲಾಸದಿಂದ ಹಾಡುವುದನ್ನು ಕಂಡು ನನಗೆ ಗಂಟಲು ಕಟ್ಟಿತು.

ಬಿಸಿಲು ಏರಿದ ಮೇಲೆ ಕವಿ ಹುಟ್ಟಿದ ಕೋಣೆಯ ಸಾಲಿಗೆ ನಿಂತೆವು. ಚಪ್ಪಲಿ ಕಳಚಿ, ಸುಗಂಧರಾಜದ ಹಾರ ಹಿಡಿದು, ಸಣ್ಣ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಜನ ಒಂದೊಂದೇ ಹೆಜ್ಜೆ ಸರಿಯುತ್ತಿದ್ದರು. ಬಾಣಂತಿ ಕೋಣೆ ಎಂದರೆ ಎಲ್ಲ ಕಡೆಯೂ ಒಂದೇ, ಸಣ್ಣದು. ಹೂವಿನ ರಾಶಿಯ ಪಕ್ಕ ಮಾಸ್ತರು ಎರಡು ಕಾಯಿಗಳನ್ನು ಇಟ್ಟು ಕೈಮುಗಿದರು. ಸ್ವಯಂಸೇವಕ ಹುಡುಗನೊಬ್ಬ ಅದನ್ನು ಕಸವೆಂದು ತಿಳಿದು ಎತ್ತಲು ಬಗ್ಗಿದ. ಮಾಶಿಮಾ ಅವನ ಕೈ ಹಿಡಿದರು. ಮೂರನೆಯ ಕಾಯಿಯನ್ನು ಮಾಸ್ತರು ಅವರಿಗೆ ಕೊಟ್ಟರು, ಅವರು ಅದನ್ನು ಕನ್ನಡಕದ ಡಬ್ಬಿಯೊಳಗೆ ಹಾಕಿಕೊಂಡರು.

ಮಧ್ಯಾಹ್ನ ನೆರಳಿನಲ್ಲಿ ಕುಳಿತು ಹೆಂಡತಿ ಡಬ್ಬಿ ತೆರೆದಳು. ತೊಡದೇವಿನಲ್ಲಿ ಅರ್ಧ ಇಡಿಯಾಗಿ ಉಳಿದಿತ್ತು. ಇದನ್ನು ಮಡಕೆ ಬೋರಲು ಹಾಕಿ, ಅದರ ಬೆನ್ನ ಮೇಲೆ ಅಕ್ಕಿ, ಬೆಲ್ಲದ ಹಿಟ್ಟನ್ನು ಬಟ್ಟೆಯಿಂದ ಸವರಿ ಮಾಡುತ್ತಾರೆಂದು ಅವಳು ಕೈಸನ್ನೆಯಲ್ಲೇ ವಿವರಿಸಿದಳು. ಮಾಶಿಮಾ ಮನೆಯಿಂದ ಸಣ್ಣ ಉಗ್ಗದಲ್ಲಿ ಪಾಯೆಶ್ ತಂದಿದ್ದರು. ಬಂಗಾಳದಲ್ಲಿ ಹುಟ್ಟುಹಬ್ಬ ಎಂದರೆ ಹಾಲು ಅಕ್ಕಿಯ ಆ ಪಾಯಸ ಆಗಲೇಬೇಕಂತೆ. ರವಿ ಠಾಕುರರಿಗೆ ಎಂದು ಅವರು ಪ್ರತಿ ವರ್ಷ ಮಾಡಿ, ಇಲ್ಲಿ ಪಕ್ಕ ಕುಳಿತವರಿಗೆ ಹಂಚಿ ಹೋಗುತ್ತಾರಂತೆ.

ಆಗ ಅವರು ಕೇಳಿದ ಪ್ರಶ್ನೆ ನಮ್ಮನ್ನು ಗಲಿಬಿಲಿಗೊಳಿಸಿತು. ನಿಮ್ಮ ಭಾಷೆಯ ‘ಸಖಿ ಬಾ ಬಾ’ ಹಾಡು ಗೊತ್ತೇ ಎಂದರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅವರು ಮೆಲ್ಲಗೆ ಒಂದು ಹಾಡು ಗುನುಗಿದರು: ‘ಬೊಡೊ ಆಶಾ ಕೋರೆ’, ದೊಡ್ಡ ಆಸೆ ಹೊತ್ತು ಬಂದಿದ್ದೇನೆ ಎಂದು ದೇವರ ಬಾಗಿಲಲ್ಲಿ ನಿಂತು ಕೇಳುವ ಹಾಡು. ಬಂಗಾಳದ ಮನೆ ಮನೆಯಲ್ಲಿ ಹಾಡುವ ಆ ಪ್ರಾರ್ಥನೆಯ ಮಟ್ಟು ಕನ್ನಡದ ‘ಸಖಿ ಬಾ ಬಾ’ ಎಂಬ ಹಾಡಿನದೆಂದು ರವೀಂದ್ರ ಸಂಗೀತ ಬಲ್ಲವರೆಲ್ಲ ಗುರುತಿಸುತ್ತಾರೆ. ಟಾಗೋರರು ಬೇರೆ ಭಾಷೆಗಳ ಹಾಡು ಕೇಳಿ, ಅದರ ಮಟ್ಟಿಗೆ ತಮ್ಮ ಮಾತು ಕೂರಿಸುತ್ತಿದ್ದುದುಂಟು. ಅಂಥವುಗಳಲ್ಲಿ ಕನ್ನಡದ ಪಾಲೂ ಇದೆ. ನಲವತ್ತು ವರ್ಷದ ಹಿಂದೆ ಸಂಗೀತ ಕಲಿಸಿದ ಗುರುಗಳು ಇದನ್ನು ತಮಗೆ ಹೇಳಿದ್ದರೆಂದೂ ಮೂಲ ಹಾಡನ್ನು ಕನ್ನಡದವರ ಬಾಯಲ್ಲೇ ಕೇಳಬೇಕೆಂದು ಅಂದಿನಿಂದ ಕಾದಿದ್ದೆನೆಂದೂ ಮಾಶಿಮಾ ಹೇಳಿದರು. ನಮಗೆ ಅದರ ಎರಡನೆಯ ಸಾಲು ಕೂಡ ಬರುತ್ತಿರಲಿಲ್ಲ. ಮಾಸ್ತರು ಆ ಮಟ್ಟನ್ನು ಕೋಡಿಬಾಗದ ಹೆಸರಿಗೇ ಖಾತೆ ಮಾಡಿಕೊಡಲು ಸಿದ್ಧರಿದ್ದರು, ಆದರೆ ಹಾಡಿ ಎಂದರೆ ಅವರ ಬಾಯಿಯೂ ಕಟ್ಟಿತು. ನಾಚಿಕೆಯಾಯಿತು. ಕೊನೆಗೆ ಮಾಶಿಮಾ ತಾವೇ ಬಂಗಾಳಿಯಲ್ಲಿ ಪೂರ್ತಿ ಹಾಡಿದರು, ನನ್ನ ಹೆಂಡತಿ ಮೂರನೆಯ ಸಲಕ್ಕೆ ಮಟ್ಟು ಹಿಡಿದುಕೊಂಡಳು.

ಸಂಜೆ ಮತ್ತೆ ಗಾಳಿ ಎದ್ದು ಶಾಮಿಯಾನದ ಒಂದು ಮೂಲೆ ಹಾರಿತು. ಹಾಡುತ್ತಿದ್ದ ಹುಡುಗಿ ನಿಲ್ಲಿಸಲಿಲ್ಲ.

ಮೇ 10, ಅದೇ ಮನೆ

ಹುಟ್ಟುಹಬ್ಬದ ಮರುದಿನ ಹೋದದ್ದು ಒಳ್ಳೆಯದೇ ಆಯಿತು. ಅಂಗಳದಲ್ಲಿ ಬಾಡಿದ ಹೂವು, ಮಡಚಿಟ್ಟ ಕುರ್ಚಿಗಳು. ಒಳಗೆ ಜನ ಕಡಿಮೆ, ನಿಂತು ನೋಡಲು ಅವಕಾಶವಿತ್ತು. ಕವಿ ಕೊನೆಯುಸಿರೆಳೆದ ಕೋಣೆಯ ಹತ್ತಿರ ಮಾತಾಡುವವರೂ ದನಿ ತಗ್ಗಿಸುತ್ತಿದ್ದರು. 1941ರ ಜುಲೈ 30ರಂದು ಈ ಮನೆಯ ಪಡಸಾಲೆಯಲ್ಲೇ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು, ಅದೇ ಬೆಳಿಗ್ಗೆ ಅವರು ತಮ್ಮ ಕೊನೆಯ ಕವಿತೆಯನ್ನು ಹೇಳಿ ಬರೆಸಿದ್ದರು. ಎಂಟು ದಿನಕ್ಕೆ ಎಲ್ಲ ಮುಗಿಯಿತು.

ಆದರೆ ನಾನು ಹುಡುಕುತ್ತಿದ್ದುದು ಆ ಮುದುಕರನ್ನಲ್ಲ. ಗೋಡೆ ಗೋಡೆಗೂ ಬಿಳಿಗಡ್ಡ, ನಿಲುವಂಗಿ. ಜಡ್ಜ್ ಸಾಹೇಬರ ತಮ್ಮ ಎಲ್ಲಿ ಎಂದು ಕೋಣೆಯಿಂದ ಕೋಣೆಗೆ ಹೋದೆ. ಗಡ್ಡ ಇನ್ನೂ ಕಪ್ಪಾಗಿದ್ದ ಕಾಲದ ಚಿತ್ರವೊಂದರ ಮುಂದೆ ಕೊನೆಗೆ ಸಿಕ್ಕರು. ಎಳೆಯ ಮುಖ, ಎಲ್ಲೋ ನೋಡುತ್ತಿದ್ದ ದೊಡ್ಡ ಕಣ್ಣು. ಮರಳಿನ ಮೇಲೆ ನಡುರಾತ್ರಿ ನಡೆದು ಮನೆಗೆ ಹೋದವನು ಇವನೇ ಇರಬೇಕು ಎನ್ನಿಸಿತು. ಮಾಸ್ತರು ಅಷ್ಟರಲ್ಲಿ ಕಾರವಾರದ ಹೆಸರು ಎಲ್ಲಾದರೂ ಇದೆಯೇ ಎಂದು ಫಲಕ ಫಲಕವನ್ನೂ ಓದುತ್ತ ಬರುತ್ತಿದ್ದರು. ಅವರ ಕಣ್ಣಿಗೆ ಬೀಳಲಿಲ್ಲ. ಮನೆ ದೊಡ್ಡದು, ಎಂಬತ್ತು ವರ್ಷದ ಬಾಳಿನಲ್ಲಿ ಕಾರವಾರದ ಪಾಲು ಸಣ್ಣದು ಎಂದು ಸಮಾಧಾನ ಹೇಳಲು ಹೋಗಿ ಬೈಸಿಕೊಂಡೆ.

ಹೆಂಡತಿ ಹೆಚ್ಚು ಹೊತ್ತು ನಿಂತದ್ದು ಕವಿಪತ್ನಿ ಮೃಣಾಲಿನಿ ದೇವಿಯವರ ನೆನಪಿನ ವಸ್ತುಗಳ ಮುಂದೆ. ಕಾರವಾರದಿಂದ ಮರಳಿದ ಸ್ವಲ್ಪ ಕಾಲಕ್ಕೆ, 1883ರ ಡಿಸೆಂಬರ್ 9ರಂದು, ರವೀಂದ್ರರ ಮದುವೆ ಇದೇ ಮನೆಯಲ್ಲಾಯಿತು. ಹುಡುಗಿ ಟಾಗೋರರ ಜಮೀನ್ದಾರಿಯಲ್ಲಿ ಕೆಲಸಕ್ಕಿದ್ದವರ ಮಗಳು, ಹೆಸರು ಭವತಾರಿಣಿ, ವಯಸ್ಸು ಹತ್ತರ ಹತ್ತಿರ. ಗಂಡನ ಮನೆಯವರು ಹೆಸರನ್ನೂ ಬದಲಿಸಿ ಮೃಣಾಲಿನಿ ಎಂದಿಟ್ಟರು. ಮದುವೆಯಾಗಿ ನಾಲ್ಕೇ ತಿಂಗಳಿಗೆ, 1884ರ ಏಪ್ರಿಲಿನಲ್ಲಿ, ರವೀಂದ್ರರಿಗೆ ಚಿಕ್ಕಂದಿನಿಂದ ಗೆಳತಿಯಂತಿದ್ದ, ಅವರ ಕವಿತೆಗಳ ಮೊದಲ ಓದುಗಳಾಗಿದ್ದ ಅತ್ತಿಗೆ ಕಾದಂಬರಿ ದೇವಿಯವರು ಆತ್ಮಹತ್ಯೆ ಮಾಡಿಕೊಂಡರು. ಆ ಸಾವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಬಾಂಧವ್ಯಗಳಿಂದ ಓಡಿಹೋಗುವ ಸನ್ಯಾಸಿಯ ನಾಟಕವನ್ನು ನಮ್ಮ ತೀರದಲ್ಲಿ ಕುಳಿತು ಬರೆದವನಿಗೆ ಒಂದೇ ವರ್ಷದೊಳಗೆ ಈ ಮನೆ ಎಷ್ಟನ್ನು ಕೊಟ್ಟು ಎಷ್ಟನ್ನು ಕಿತ್ತುಕೊಂಡಿತು ಎಂದು ಲೆಕ್ಕ ಹಾಕುತ್ತಿದ್ದೆ. ಬ್ಯಾಂಕಿನ ಅಭ್ಯಾಸ.

“ಆ ಹುಡುಗಿಗೆ ಸಮುದ್ರ ತೋರಿಸಿದ್ದಾ ಅವ್ರು?” ಎಂದು ಹೆಂಡತಿ ಕೇಳಿದಳು. ಮುಂದೆ ಮೃಣಾಲಿನಿಯವರು ಇಪ್ಪತ್ತೊಂಬತ್ತನೆಯ ವಯಸ್ಸಿಗೆ, 1902ರಲ್ಲಿ, ಇದೇ ಮನೆಯಲ್ಲಿ ತೀರಿಕೊಂಡರೆಂದು ಮಾಸ್ತರು ಹೇಳಿದರು. ಮೂವರೂ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಬಂದೆವು.

ಮೇ 13, ಕಾರವಾರ

ಮರುಪ್ರಯಾಣದಲ್ಲಿ ವಿಶೇಷವಿಲ್ಲ. ಮಾಸ್ತರು ಮಲಗಿದ್ದೇ ಹೆಚ್ಚು. ಹುಬ್ಬಳ್ಳಿಯಿಂದ ಬರುವ ಬಸ್ಸು ಅರಬೈಲ್ ಘಾಟಿ ಇಳಿಯುವಾಗ ಸೆಖೆ ಮುಖಕ್ಕೆ ಹೊಡೆದಾಗಲೇ ಅವರಿಗೆ ಪೂರ್ತಿ ಎಚ್ಚರವಾದದ್ದು.

ಸಂಜೆ ಕೋಡಿಬಾಗಕ್ಕೆ ಹೋದೆವು. ಈ ವರ್ಷ ಚಿಕ್ಕಿ ತಪ್ಪಿಸಿಕೊಂಡಿದ್ದ ಮಕ್ಕಳು ಹಿಂದೆಯೇ ಬಂದಿದ್ದರು. ಜೇಬಿನಲ್ಲಿ ಉಳಿದಿದ್ದ ನಾಲ್ಕನೆಯ ಕಾಯಿಯನ್ನು ಮಾಸ್ತರು ಅವರಿಗೆ ತೋರಿಸಿ, ಇದು ಟಾಗೋರರ ಮನೆಗೆ ಹೋಗಿ ಬಂದದ್ದು ಎಂದರು. ಕಾಲಡಿ ಅಂಥವೇ ನೂರಾರು ಬಿದ್ದಿದ್ದರಿಂದ ಮಕ್ಕಳಿಗೆ ಅದರಲ್ಲೇನೂ ಹೆಚ್ಚುಗಾರಿಕೆ ಕಾಣಲಿಲ್ಲ. ಹೆಂಡತಿ ಮಾಶಿಮಾರಿಂದ ಕಲಿತ ಮಟ್ಟನ್ನು ಗುನುಗುತ್ತಿದ್ದಳು, ಬಂಗಾಳಿ ಮಾತು ಮರೆತಲ್ಲೆಲ್ಲ ‘ಸಖಿ ಬಾ ಬಾ’ ಎಂದೇ ತುಂಬಿಸುತ್ತಿದ್ದಳು. ಉಳಿದ ಸಾಲುಗಳನ್ನು ಹುಡುಕಿ ಮಾಶಿಮಾಗೆ ಕಳಿಸಬೇಕು. ಅವರ ವಿಳಾಸ ಬರೆದ ಚೀಟಿ ಮಾಸ್ತರರ ಪುಸ್ತಕದೊಳಗೆ, ಆ ಬಸ್ಸಿನ ಟಿಕೆಟ್ಟಿನ ಜೊತೆಗೇ ಇದೆ. ಸದಾಶಿವಗಡದ ಕಡೆ ಹಳೆಯ ಹಾಡು ಬಲ್ಲ ಅಜ್ಜಿಯೊಬ್ಬರಿದ್ದಾರೆಂದು ಮಕ್ಕಳಲ್ಲೊಬ್ಬ ಹೇಳಿದ. ನಾಳೆ ಬೆಳಿಗ್ಗೆ ಹೊಳೆ ದಾಟುವುದೆಂದು ಗೊತ್ತಾಯಿತು.